ನಾಣ್ಯದ ಮೇಲೆ ಬಿಷಪ್ ಹೆಸರು, ಪಕ್ಕದಲ್ಲೇ ‘ಪ್ರಿನ್ಸ್’ ಅಂತಲೂ ಇದೆ. ಇದೇನು ಕಥೆ?

ಚಿಲ್ಲರೆ ಚೀಲ:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಾಣ್ಯ ಮೇಳದಲ್ಲಿ ಒಂದು ಚೀಲ ಫಾರಿನ್ ನಾಣ್ಯ ತಂದೆ. ಒಂದೊಂದೇ ಆರಿಸಿದ್ದಲ್ಲ, ತೂಕದ ಲೆಕ್ಕ. ಮುಕ್ಕಾಲು ಪಾಲು ಮಾಮೂಲಿ ಸರಕು: ಮಲೇಷ್ಯಾದ ಸೆನ್, ಹಳೆ ಇಟಲಿ ಲೀರಾ, ಗಲ್ಫಿನಿಂದ ಬಂದ ಫಿಲ್ಸ್. ಅದರ ಮಧ್ಯೆ ಒಂದು ನಾಣ್ಯ ಮಾತ್ರ ನನ್ನ ನಿದ್ದೆ ಕೆಡಿಸಿದೆ.

2 ದಿನೆರ್ಸ್ ಅಂತ ಇದೆ. ಇಸವಿ 1984. ಒಂದು ಬದಿಯಲ್ಲಿ ನಾಲ್ಕು ಮನೆ ಮಾಡಿದ ಗುರಾಣಿ. ಮೊದಲ ಮನೆಯಲ್ಲಿ ಚೂಪು ಟೋಪಿ, ಡೊಂಕು ಕೋಲು. ಎರಡು ಮನೆಗಳಲ್ಲಿ ಉದ್ದುದ್ದ ಪಟ್ಟೆ. ಕೊನೆಯದರಲ್ಲಿ ಎರಡು ಪ್ರಾಣಿ, ಹಸು ಇರಬೇಕು, ನಾಯಿ ಅಂದರೂ ನಾನು ಜಗಳ ಮಾಡಲ್ಲ. ಸುತ್ತ ಬರೆದಿದ್ದರಲ್ಲಿ ನಾನು ಓದಿದ್ದು ಇಷ್ಟು: ಜೊವಾನ್, ಬಿಸ್ಬೆ ದುರ್ಜೆಲ್, ಪ್ರಿನ್ಸೆಪ್ ದಾಂಡೋರಾ. ಬಿಸ್ಬೆ ಅಂದರೆ ಬಿಷಪ್ ಅಂತೆ, ಗೂಗಲ್ ಹೇಳಿತು. ಹಾಗಾದರೆ ಇವರು ಬಿಷಪ್ಪೋ, ರಾಜಕುಮಾರನೋ? 1984 ಅಂದರೆ ಮೊನ್ನೆ ಮೊನ್ನೆ. ಆ ಕಾಲದಲ್ಲೂ ಒಬ್ಬ ಪಾದ್ರಿ ತನ್ನ ಹೆಸರಲ್ಲಿ ನಾಣ್ಯ ಹೊಡೆಸುತ್ತಿದ್ದನಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಪಿರಿನೀಸ್ ಪಯಣಿಗ:

ಗುರು, ಒಳ್ಳೆ ನಾಣ್ಯವೇ ಸಿಕ್ಕಿದೆ. ಅದು ಅಂಡೋರಾ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರಿನೀಸ್ ಬೆಟ್ಟಗಳ ಒಳಗೆ ಸಿಕ್ಕಿಕೊಂಡಿರುವ ಪುಟ್ಟ ದೇಶ, 468 ಚದರ ಕಿಲೋಮೀಟರ್. ಆ ಜೊವಾನ್ ಅಂದರೆ ಜೊವಾನ್ ಮಾರ್ತಿ ಅಲಾನಿಸ್. ಕ್ಯಾಟಲನ್ ಮನುಷ್ಯ, 1928ರಲ್ಲಿ ತರಗೋನಾ ಕಡೆಯ ಎಲ್ ಮಿಲಾ ಅನ್ನೋ ಹಳ್ಳಿಯಲ್ಲಿ ಹುಟ್ಟಿದವರು. 1971ರಿಂದ 2003ರ ತನಕ ಉರ್ಜೆಲ್‌ನ ಬಿಷಪ್. ಉರ್ಜೆಲ್‌ಗೆ ಯಾರು ಬಿಷಪ್ ಆಗುತ್ತಾರೋ ಅವರು ಆ ಗಳಿಗೆಯಿಂದಲೇ ಅಂಡೋರಾದ ಇಬ್ಬರು ಅರಸರಲ್ಲಿ ಒಬ್ಬರು. ಇನ್ನೊಬ್ಬರು ಫ್ರಾನ್ಸಿನ ಅಧ್ಯಕ್ಷರು. ತಮಾಷೆ ಅಲ್ಲ, ಇವತ್ತಿಗೂ ಹಾಗೇ ಇದೆ.

‘ಪ್ರಿನ್ಸ್’ ಅಂದ ತಕ್ಷಣ ರಾಜಕುಮಾರ ಅಂದುಕೊಳ್ಳಬೇಡಿ. ಅಪ್ಪ ಗದ್ದುಗೆ ಮೇಲೆ, ಮಗ ಕಾಯುತ್ತಾ ಕೂತಿದ್ದಾನೆ ಅನ್ನೋ ಅರ್ಥ ಇಲ್ಲಿಲ್ಲ. ಅರಸ ಅಂತಲೇ ಓದಿ. ಜಂಟಿ ಅರಸ.

ನಿಮ್ಮ ಗುರಾಣಿಯಲ್ಲೇ ಕಥೆ ಪೂರ್ತಿ ಇದೆ. ಟೋಪಿ, ಕೋಲು ಉರ್ಜೆಲ್ ಬಿಷಪ್ಪಿನದು. ಮೂರು ಪಟ್ಟೆ ಇರುವುದು ಫುವಾ ಅನ್ನೋ ಫ್ರಾನ್ಸ್ ಕಡೆಯ ಕೌಂಟ್ (ಅಂದರೆ ಒಂದು ಸೀಮೆಯ ಒಡೆಯ) ಮನೆತನದ್ದು. ನಾಲ್ಕು ಪಟ್ಟೆ ಕ್ಯಾಟಲೋನಿಯಾದ್ದು. ಅವು ಹಸುಗಳೇ, ಬೆಯಾರ್ನ್ ಸೀಮೆಯ ಹಸುಗಳು, ಆ ಸೀಮೆಯೂ ಫುವಾ ಮನೆತನದ ಕೈಗೆ ಬಂದಿತ್ತು. ಅಂದರೆ ಎಡಗಡೆ ಮೇಲೆ ಒಬ್ಬ ಪಾಲುದಾರ, ಉಳಿದ ಕಡೆ ಇನ್ನೊಬ್ಬ ಪಾಲುದಾರ ಮತ್ತು ಅವರ ನೆಂಟರಿಷ್ಟರು.

ಇನ್ನು ದಿನೆರ್ ವಿಷಯ. ಅದನ್ನು ಕೊಟ್ಟು ಅಂಡೋರಾದಲ್ಲಿ ಯಾರೂ ಬ್ರೆಡ್ ಕೊಂಡಿಲ್ಲ. ಅಂಗಡಿಯಲ್ಲಿ ಓಡುತ್ತಿದ್ದದ್ದು ಸ್ಪೇನಿನ ಪೆಸೆಟಾ ಮತ್ತು ಫ್ರಾನ್ಸಿನ ಫ್ರಾಂಕ್, ಈಗ ಯೂರೋ. ದಿನೆರ್ ನಮ್ಮಂಥ ಸಂಗ್ರಹದ ಹುಚ್ಚಿನವರಿಗೆ ಅಂತಲೇ ಹೊಡೆಸಿದ್ದು. ಹಾಗಂತ ಬೇಜಾರಾಗಬೇಡಿ.

ಚಿಲ್ಲರೆ ಚೀಲ:

ಅಯ್ಯೋ, ಫ್ರಾನ್ಸ್ ಅಧ್ಯಕ್ಷರು ಇನ್ನೊಂದು ದೇಶಕ್ಕೆ ಅರಸರಾ? ಅವರೇ ತಾನೇ ರಾಜನ ತಲೆ ತೆಗೆದು ಗಣರಾಜ್ಯ ಮಾಡಿಕೊಂಡವರು! ಮತ್ತೆ ಈ ಉರ್ಜೆಲ್ ಅಂಡೋರಾದಲ್ಲಿದೆಯಾ? ಮ್ಯಾಪಿನಲ್ಲಿ ಹುಡುಕಿದರೆ ಸ್ಪೇನ್ ಒಳಗೆ ತೋರಿಸುತ್ತಿದೆ.

ಪಹಣಿ ಪರಮೇಶಿ:

ಮ್ಯಾಪ್ ಸರಿಯಾಗೇ ತೋರಿಸುತ್ತಿದೆ. ಲಾ ಸೆಉ ದುರ್ಜೆಲ್ ಅನ್ನೋ ಊರು, ಸ್ಪೇನಿನದು, ಅಂಡೋರಾ ಗಡಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಬಿಷಪ್ ಇರುವುದು ಅಲ್ಲಿ, ಅವರ ಹಳೇ ಕಲ್ಲಿನ ಕೆಥೆಡ್ರಲ್ ಇರುವುದೂ ಅಲ್ಲೇ. ಅಂಡೋರಾದ ಚರ್ಚುಗಳೆಲ್ಲ ಆ ಧರ್ಮಪ್ರಾಂತ್ಯಕ್ಕೇ ಸೇರಿದ್ದು. ಅಂದರೆ ಇಬ್ಬರು ಅರಸರಲ್ಲಿ ಒಬ್ಬರೂ ಆ ದೇಶದಲ್ಲಿ ವಾಸ ಇಲ್ಲ.

ನಾನು ಇಡೀ ದಿನ ಜಮೀನಿನ ಕಾಗದದಲ್ಲೇ ಮುಳುಗಿರೋನು, ಹಾಗಾಗಿ ನನಗೆ ಇದು ಜಂಟಿ ಖಾತೆ ತಕರಾರಿನ ಹಾಗೆ ಕಾಣುತ್ತೆ. ಮೂಲದಲ್ಲಿ ಅಂಡೋರಾ ಕಣಿವೆಗಳು ಉರ್ಜೆಲ್‌ನ ಕೌಂಟ್‌ದು. 988ರಲ್ಲಿ ಬೊರೆಲ್ ಅನ್ನೋ ಕೌಂಟ್ ಬೇರೆ ಕಡೆಯ ಜಮೀನಿಗೆ ಬದಲಾಗಿ ಇದನ್ನು ಬಿಷಪ್ಪಿಗೆ ಬರೆದುಕೊಟ್ಟ. ಬಿಷಪ್ ಹತ್ತಿರ ಜಮೀನಿತ್ತು, ದಂಡು ಇರಲಿಲ್ಲ. ಕಾಯೋಕೆ ಅಂತ ಪಕ್ಕದ ಕಬೊಯೆತ್ ಅನ್ನೋ ಪಾಳೆಯಗಾರರ ಮನೆತನವನ್ನು ಇಟ್ಟುಕೊಂಡ. ಆ ಹಕ್ಕು ಮದುವೆ, ವಾರಸುದಾರಿಕೆ ಅಂತ ಕೈಯಿಂದ ಕೈಗೆ ಹೋಗಿ ಕೊನೆಗೆ ಫುವಾ ಕೌಂಟ್‌ಗಳಿಗೆ ಸೇರಿತು. ಅವರೋ ಬಿಷಪ್ಪಿಗಿಂತ ಬಲಶಾಲಿಗಳು. ಕಾವಲಿಗೆ ಬಂದವನು ಜಮೀನು ನಂದೇ ಅನ್ನೋದು ನಮ್ಮ ಕಚೇರಿಯಲ್ಲಿ ವಾರಕ್ಕೊಂದು ಸಲ ನೋಡುವ ಕಥೆ.

ಹೊಡೆದಾಟ ಆಯಿತು. ಆಮೇಲೆ ಅರಗಾನಿನ ರಾಜ ಪೇರೆ ನಡುವೆ ಕೂತು ರಾಜಿ ಮಾಡಿಸಿದ. 1278ರಲ್ಲಿ ಬಿಷಪ್ ಪೇರೆ ದುರ್ಚ್ ಮತ್ತು ಫುವಾದ ಕೌಂಟ್ ರೊಜೆ-ಬರ್ನಾರ್ 3 ಒಪ್ಪಂದ ಬರೆದುಕೊಂಡರು. ಅದರ ಹೆಸರು ಪರಿಯಾತ್ಜೆ, ಸರಿಸಮ ಪಾಲು ಅಂತ. ಆದರೆ ಒಳಗೆ ಓದಿದರೆ ಸರಿಸಮ ಏನೂ ಇಲ್ಲ. ಒಂದು ವರ್ಷ ಕೌಂಟ್‌ಗೆ ಕಪ್ಪ, ಮುಂದಿನ ವರ್ಷ ಬಿಷಪ್ಪಿಗೆ. ಕೌಂಟ್ ಎಷ್ಟು ಬೇಕಾದರೂ ಎತ್ತಬಹುದು, ಬಿಷಪ್ಪಿಗೆ ಮಾತ್ರ 4,000 ಸೂಗಳ ಮಿತಿ! (ಸೂ ಅಂದರೆ ಆಗಿನ ನಾಣ್ಯ.) ನ್ಯಾಯ ಹೇಳುವ ಹಕ್ಕು ಇಬ್ಬರಿಗೂ. 1288ರಲ್ಲಿ ಇನ್ನೊಂದು ಒಪ್ಪಂದ ಮಾಡಿಕೊಂಡು, ಕಣಿವೆಯಲ್ಲಿ ಕೋಟೆ ಕಟ್ಟೋ ಹಾಗಿಲ್ಲ ಅಂತ ಸೇರಿಸಿದರು. ಅನುಭವಸ್ಥರು ಬರೆದ ಕಾಗದ ಅದು.

ಮುಂದಿನದು ಬರೀ ವಾರಸು. ಫುವಾ ಮನೆತನದ ಆಸ್ತಿ ನವಾರ್ ರಾಜರಿಗೆ ಹೋಯಿತು. ಅವರಲ್ಲೊಬ್ಬ 1589ರಲ್ಲಿ ಫ್ರಾನ್ಸಿನ ರಾಜ ಆದ, ನಾಲ್ಕನೇ ಹೆನ್ರಿ. ಹಾಗೆ ಅಂಡೋರಾದ ಅರ್ಧ ಪಾಲು ಫ್ರೆಂಚ್ ಸಿಂಹಾಸನಕ್ಕೆ ಅಂಟಿಕೊಂಡಿತು. ಕ್ರಾಂತಿ ಆದಾಗ, ಇದೆಲ್ಲ ಪಾಳೆಯಗಾರಿಕೆ, ನಮಗೆ ಬೇಡ ಅಂತ 1793ರಲ್ಲಿ ಕಪ್ಪ ತಗೊಳ್ಳೋದನ್ನೇ ನಿಲ್ಲಿಸಿದರು. ಅಂಡೋರಾದವರಿಗೇ ಗಾಬರಿ. ಒಬ್ಬ ಪಾಲುದಾರ ಬಿಟ್ಟು ಹೋದರೆ ಇನ್ನೊಂದು ಕಡೆಯವರು ಪೂರ್ತಿ ನುಂಗಿಬಿಡುತ್ತಾರೆ ಅಂತ. ನೆಪೋಲಿಯನ್‌ಗೆ ಅರ್ಜಿ ಹಾಕಿದರು, 1806ರಲ್ಲಿ ಹಳೇ ಸಂಬಂಧ ಮತ್ತೆ ಶುರು ಆಯಿತು. ನಮಗೊಬ್ಬ ರಾಜ ಬೇಕು ಅಂತ ಜನ ತಾವೇ ಹೋಗಿ ಕೇಳಿಕೊಂಡಿದ್ದು, ಅದೂ ಎರಡನೇ ರಾಜ!

ಕಡ್ಡಿ ಮಾಸ್ಟರ್:

ಪರಮೇಶಿ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಇದನ್ನೆಲ್ಲ ಮುದ್ದಾಗಿ ಹೇಳಿದರೆ ಒಂದು ವಿಷಯ ಮುಚ್ಚಿ ಹೋಗುತ್ತೆ. ಒಬ್ಬ ಅರಸನನ್ನು ಫ್ರಾನ್ಸಿನ ಮತದಾರರು ಆರಿಸುತ್ತಾರೆ, ಇನ್ನೊಬ್ಬನನ್ನು ರೋಮಿನಲ್ಲಿ ಕೂತ ಪೋಪ್ ನೇಮಿಸುತ್ತಾರೆ. ಅಂಡೋರಾದವನ ಓಟಿಗೆ ಎರಡೂ ಕಡೆ ಬೆಲೆ ಇಲ್ಲ. 20ನೇ ಶತಮಾನದ ಕೊನೆಯಲ್ಲೂ ಹೀಗೇ ಇತ್ತು ಅಂದರೆ ನಗಬೇಕೋ ಅಳಬೇಕೋ. ನಿಮ್ಮ ಈ ಮಾರ್ತಿ ಅಲಾನಿಸ್ ಗದ್ದುಗೆಗೆ ಬರುವ ಒಂದೇ ವರ್ಷ ಮುಂಚೆ, 1970ರಲ್ಲಿ, ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು. ಪಕ್ಷ ಕಟ್ಟೋಕೆ, ಕಾರ್ಮಿಕ ಸಂಘ ಮಾಡೋಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಇದು ಪಾಳೆಯಗಾರಿಕೆ ಅಲ್ಲದೆ ಇನ್ನೇನು?

ಕರಾವಳಿ ಅಕ್ಕ:

ಪೋಪ್ ನೇಮಿಸುತ್ತಾರೆ ಅನ್ನೋದಕ್ಕೆ ಸಣ್ಣ ಸೇರ್ಪಡೆ. ನಾವು ಚರ್ಚಿನಲ್ಲಿ ಧರ್ಮಾಧ್ಯಕ್ಷರು ಅಂತೀವಿ, ಇಲ್ಲಿ ಎಲ್ಲರೂ ಬಿಷಪ್ ಅಂತಿರೋದರಿಂದ ನಾನೂ ಹಾಗೇ ಬರೆಯುತ್ತೇನೆ. ಮಾರ್ತಿ ಅಲಾನಿಸ್ ನೇಮಕ ಆದದ್ದು 1970ರ ಕೊನೆಗೆ. ಆಗ ಸ್ಪೇನಿನಲ್ಲಿ ಫ್ರಾಂಕೋ ಕಾಲ. ವ್ಯಾಟಿಕನ್ ಜೊತೆಗಿನ 1953ರ ಒಪ್ಪಂದದ ಪ್ರಕಾರ ಬಿಷಪ್ಪುಗಳ ಹೆಸರು ಸೂಚಿಸುವ ಹಕ್ಕು ಫ್ರಾಂಕೋ ಕೈಯಲ್ಲಿತ್ತು. ಅಂದರೆ ಅಂಡೋರಾದ ಅರಸ ಯಾರು ಅನ್ನೋದರಲ್ಲಿ ಪಕ್ಕದ ದೇಶದ ಸರ್ವಾಧಿಕಾರಿಗೂ ಒಂದು ಬೆರಳಿತ್ತು. ಆ ಹಕ್ಕನ್ನು ರಾಜ ಹುವಾನ್ ಕಾರ್ಲೋಸ್ 1976ರಲ್ಲಿ ಬಿಟ್ಟುಕೊಟ್ಟರು.

ಇನ್ನೊಂದು, ಬಿಷಪ್ಪಿಗೆ ನಿವೃತ್ತಿ ಇದೆ. 75 ತುಂಬಿದಾಗ ರಾಜೀನಾಮೆ ಪತ್ರ ಕಳಿಸಬೇಕು. ಅರಸನಾದರೂ ಅಷ್ಟೇ. ಮಾರ್ತಿ ಅಲಾನಿಸ್ 2003ರ ಮೇ ತಿಂಗಳಲ್ಲಿ ಇಳಿದರು. ಅದಕ್ಕೆ ಎರಡು ವರ್ಷ ಮುಂಚೆಯೇ ಜೊವಾನ್ ಎನ್ರಿಕ್ ವೀವೆಸ್ ಅನ್ನೋರನ್ನು ಉತ್ತರಾಧಿಕಾರದ ಹಕ್ಕಿನ ಸಮೇತ ಸಹಾಯಕ್ಕೆ ನೇಮಿಸಿಟ್ಟಿದ್ದರು, ಇವರು ಇಳಿದ ಕ್ಷಣ ಅವರು ಬಿಷಪ್, ಜೊತೆಗೆ ಅರಸ. ಗದ್ದುಗೆ ಒಂದು ದಿನವೂ ಖಾಲಿ ಬೀಳಲಿಲ್ಲ. ವೀವೆಸ್ ಕೂಡ 2025ರಲ್ಲಿ ಇಳಿದರು, ಈಗ ಜುಜೆಪ್-ಯುಯಿಸ್ ಸೆರ್ರಾನೊ ಇದ್ದಾರೆ. ಬದುಕಿದ್ದಾಗಲೇ ನಿವೃತ್ತಿಯಾಗಿ ಮನೆಗೆ ಹೋಗುವ ರಾಜರು ಎಷ್ಟು ಜನ ಇದ್ದಾರೆ ಹೇಳಿ? ಮಾರ್ತಿ ಅಲಾನಿಸ್ ತೀರಿಕೊಂಡದ್ದು 2009ರ ಅಕ್ಟೋಬರಿನಲ್ಲಿ.

ಪಿರಿನೀಸ್ ಪಯಣಿಗ:

ಕಡ್ಡಿ ಮಾಸ್ಟರ್, ನೀವು ಹೇಳಿದ್ದು ನಿಜವೇ. ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಪಾಳೆಯಗಾರಿಕೆಯನ್ನು ಮುಗಿಸಿದ ಸಹಿ ಯಾರದು? ಅದೇ ಬಿಷಪ್ಪಿನದು. ನನಗೆ ಆ ಮನುಷ್ಯನ ಮೇಲೆ ಆಸಕ್ತಿ ಬಂದಿದ್ದೇ ಅಲ್ಲಿಂದ.

ಅವರ 32 ವರ್ಷವನ್ನು ಒಂದು ಸಲ ನೋಡಿ. ಬಂದಾಗ ಕೆಳಗೆ ಸ್ಪೇನಿನಲ್ಲಿ ಫ್ರಾಂಕೋ, ಮೇಲೆ ಫ್ರಾನ್ಸಿನಲ್ಲಿ ಪಾಂಪಿದು. ಆಮೇಲೆ ಜಿಸ್ಕಾರ್ ದೆಸ್ತಾಂ, ಮಿತ್ತೆರಾಂ, ಶಿರಾಕ್. ನಾಲ್ಕು ಜನ ಜೊತೆಗಾರರು ಬದಲಾದರು, ಇವರು ಮಾತ್ರ ಅಲ್ಲೇ. ಬಂದ ಕಾಲಕ್ಕೆ ಇವರಿಗಿದ್ದದ್ದು ಕಾಗದದ ಮೇಲೆ ಭಾರೀ ಅಧಿಕಾರ. ಕಾನೂನು, ಆಡಳಿತ, ನ್ಯಾಯ ಮೂರೂ ಕೊನೆಗೆ ಇಬ್ಬರು ಅರಸರ ಹೆಸರಲ್ಲೇ. ಒಬ್ಬೊಬ್ಬ ಅರಸನಿಗೆ ಒಬ್ಬೊಬ್ಬ ವೇಗೆರ್ ಅಂತ ಪ್ರತಿನಿಧಿ, ಪೊಲೀಸು ಮತ್ತು ನ್ಯಾಯ ಅವರ ಸುಪರ್ದಿ. 1419ರಷ್ಟು ಹಿಂದಿನಿಂದ ಬಂದ ಊರಿನವರ ಪಂಚಾಯ್ತಿ ಇತ್ತು, ಜನರಲ್ ಕೌನ್ಸಿಲ್ ಅಂತ. ಆದರೆ ಬೇರೆಯಾಗಿ ಒಂದು ಸರ್ಕಾರ ಅಂತ ಇರಲಿಲ್ಲ. ಅದು ಬಂದದ್ದು 1981ರ ಸುಧಾರಣೆಯ ನಂತರ, 1982ರಲ್ಲಿ ಒಸ್ಕರ್ ರಿಬಾಸ್ ರೇಗ್ ಮೊದಲ ಸರ್ಕಾರದ ಮುಖ್ಯಸ್ಥ ಆದರು. ಅದೂ ಇದೇ ಬಿಷಪ್ ಕಾಲದಲ್ಲೇ.

ಆಮೇಲೆ ಒತ್ತಡ ಜಾಸ್ತಿ ಆಯಿತು. 1986ರಲ್ಲಿ ಸ್ಪೇನ್ ಯುರೋಪಿಯನ್ ಕಮ್ಯುನಿಟಿ (ಈಗಿನ ಯುರೋಪಿಯನ್ ಯೂನಿಯನ್‌ನ ಹಿಂದಿನ ರೂಪ) ಸೇರಿತು. ಕಡಿಮೆ ತೆರಿಗೆಯ ಅಂಗಡಿ ಬೀದಿಯನ್ನೇ ನಂಬಿದ್ದ ಅಂಡೋರಾ ಯುರೋಪಿನ ಜೊತೆ ವ್ಯವಹಾರ ಕುದುರಿಸಬೇಕಾಯಿತು, 1990ರಲ್ಲಿ ಸುಂಕದ ಒಪ್ಪಂದ ಆಯಿತು. ಆದರೆ ಎದುರಿಗೆ ಕೂತವರಿಗೆ ಒಂದು ಗೊಂದಲ: ಈ ಒಪ್ಪಂದಕ್ಕೆ ಸಹಿ ಹಾಕುತ್ತಿರೋದು ದೇಶವೋ, ಇಬ್ಬರು ಜಮೀನ್ದಾರರ ಎಸ್ಟೇಟೋ? ಯುರೋಪಿನ ದೇಶಗಳ ಮಾನವ ಹಕ್ಕುಗಳ ಸಂಘಟನೆಯಾದ ಕೌನ್ಸಿಲ್ ಆಫ್ ಯುರೋಪ್ ಕೂಡ, ನೀವೊಂದು ಸಂವಿಧಾನ ಬರೆದುಕೊಳ್ಳಿ ಅಂತ ಒತ್ತಾಯಿಸಿತು. ಮೂರು ಕಡೆಯವರು ಕೂತರು: ಬಿಷಪ್ ಕಡೆಯವರು, ಫ್ರಾನ್ಸ್ ಕಡೆಯವರು, ಅಂಡೋರಾದ ಕೌನ್ಸಿಲ್‌ನವರು. 1993ರ ಮಾರ್ಚ್ 14ಕ್ಕೆ ಜನಮತ. ಓಟಿದ್ದವರು ಸುಮಾರು 9 ಸಾವಿರ ಜನ ಅಷ್ಟೇ, ನಮ್ಮ ಒಂದು ವಾರ್ಡಿಗಿಂತ ಕಡಿಮೆ. ಓಟು ಹಾಕಿದವರಲ್ಲಿ ಶೇ 74ರಷ್ಟು ಮಂದಿ ಹೂಂ ಅಂದರು. ಏಪ್ರಿಲ್ 28ಕ್ಕೆ ಮಾರ್ತಿ ಅಲಾನಿಸ್ ಮತ್ತು ಮಿತ್ತೆರಾಂ ಇಬ್ಬರ ಸಹಿ. ಮೇ 4ರಿಂದ ಜಾರಿ. ಜುಲೈ 28ಕ್ಕೆ ವಿಶ್ವಸಂಸ್ಥೆ ಸದಸ್ಯತ್ವ. ಏಳು ಶತಮಾನ ಎಳೆದದ್ದು ಐದೇ ತಿಂಗಳಲ್ಲಿ ಮುಗಿದುಹೋಯಿತು.

ಆ ಸಹಿಯಿಂದ ಬಿಷಪ್ ಕಳೆದುಕೊಂಡದ್ದು ಸಣ್ಣದಲ್ಲ. ಪರಮಾಧಿಕಾರ ಅಂಡೋರಾ ಜನರದ್ದು ಅಂತ ಸಂವಿಧಾನ ಹೇಳಿತು. ಅರಸರು ಮಾಡುವ ಬಹುಪಾಲು ಕೆಲಸಕ್ಕೆ ಚುನಾಯಿತರ ಸಹಿಯೂ ಬೇಕು. ಉಳಿದದ್ದು ಇಬ್ಬರೂ ಜಂಟಿಯಾಗಿ ದೇಶದ ಮುಖ್ಯಸ್ಥರು ಅನ್ನೋ ಸ್ಥಾನ, ಸಾಂವಿಧಾನಿಕ ನ್ಯಾಯಾಲಯದ ನಾಲ್ವರಲ್ಲಿ ತಲಾ ಒಬ್ಬರನ್ನು ನೇಮಿಸುವ ಹಕ್ಕು, ಅಂಥವು. ಮೊದಲು ಎರಡು ವರ್ಷಕ್ಕೊಮ್ಮೆ ಬಿಷಪ್ಪಿಗೆ ಕಪ್ಪ ಹೋಗುತ್ತಿತ್ತಲ್ಲ, ಅದೂ ನಿಂತಿತು. ಫ್ರಾನ್ಸಿಗೆ ಹೋಗುತ್ತಿದ್ದದ್ದು 960 ಫ್ರಾಂಕ್. ಬಿಷಪ್ಪಿಗೆ 450ರ ಆಸುಪಾಸು ಪೆಸೆಟಾ, ಜೊತೆಗೆ ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆ, ಚೀಸ್, ಕೋಳಿ. ಈಗ ಇಬ್ಬರಿಗೂ ಬಜೆಟ್ಟಿನಲ್ಲಿ ಸಮನಾದ ಹಣ ಇಡುತ್ತಾರೆ. ಕೋಳಿ ಹೋದದ್ದು ನನಗೆ ಸ್ವಲ್ಪ ನಷ್ಟವೇ ಅನಿಸುತ್ತೆ.

ನಾನು ಒಮ್ಮೆ ಬಾರ್ಸಿಲೋನಾದಿಂದ ಬಸ್ಸಲ್ಲಿ ಹೋಗಿದ್ದೆ. ಕಾಸಾ ದೆ ಲಾ ವಾಯ್ ಅಂತ 1580ರ ಕಲ್ಲಿನ ಮನೆ ಇದೆ, 2011ರ ತನಕ ಅವರ ಪಾರ್ಲಿಮೆಂಟ್ ಅಲ್ಲೇ ಕೂಡುತ್ತಿತ್ತು. ದೊಡ್ಡ ತೊಟ್ಟಿ ಮನೆಯಷ್ಟೂ ಇಲ್ಲ. ಒಳಗೆ ಒಂದು ಮರದ ಬೀರು, ಅದಕ್ಕೆ ಏಳು ಬೀಗ. ದೇಶದ ಏಳು ಪ್ಯಾರಿಷ್‌ಗಳಿಗೂ (ನಮ್ಮ ತಾಲ್ಲೂಕಿನ ಹಾಗೆ ಆಡಳಿತದ ಭಾಗಗಳು) ಒಂದೊಂದು ಕೀ. ಒಳಗಿದ್ದದ್ದು ದೇಶದ ಹಳೇ ಕಾಗದಪತ್ರ. ಏಳೂ ಕಡೆಯವರು ಬರದಿದ್ದರೆ ಬಾಗಿಲು ತೆರೆಯೋ ಹಾಗಿಲ್ಲ. 1978ಕ್ಕಿಂತ ಮುಂಚೆ ಪ್ಯಾರಿಷ್ ಆರೇ ಇದ್ದವು, ಏಳನೆಯದು ಎಸ್ಕಾಲ್ದೆಸ್. ಆ ಬೀಗಗಳ ಮುಂದೆ ನಾನು ನಿಂತು ನಿಂತು ಹಿಂದಿನವರು ಗೊಣಗಲು ಶುರು ಮಾಡಿದರು.

ಕಡ್ಡಿ ಮಾಸ್ಟರ್:

ಸಹಿ ಹಾಕಿದ್ದು ದೊಡ್ಡತನ ಅಂತ ನಾನು ಒಪ್ಪಲ್ಲ, ಜಾಣತನ ಅಂತ ಒಪ್ಪುತ್ತೇನೆ. ಹಾಕದಿದ್ದರೆ ಇನ್ನು ಹತ್ತು ವರ್ಷದಲ್ಲಿ ಗದ್ದುಗೆಯೇ ಹೋಗುತ್ತಿತ್ತು. ಅಧಿಕಾರ ಕೊಟ್ಟು ಕುರ್ಚಿ ಉಳಿಸಿಕೊಂಡರು. ಸಂವಿಧಾನದಲ್ಲಿ ‘ವೈಯಕ್ತಿಕವಾಗಿ ಮತ್ತು ಅನನ್ಯವಾಗಿ’ ಅರಸರು ಅನ್ನೋ ಮಾತು ಹಾಕಿಸಿಕೊಂಡಿದ್ದಾರೆ ನೋಡಿ, ಅಂದರೆ ಬಿಷಪ್ ವ್ಯಾಟಿಕನ್ ಪರವಾಗಿಯೂ ಅಲ್ಲ, ಸ್ಪೇನ್ ಪರವಾಗಿಯೂ ಅಲ್ಲ. ಬಲು ನಾಜೂಕು.

ಸರಿ, ಆ ನಾಜೂಕು ಎಲ್ಲಿ ಮುರಿಯುತ್ತೆ ಅಂದರೆ ಧರ್ಮದ ವಿಷಯ ಬಂದಾಗ. ಗರ್ಭಪಾತ ಅಲ್ಲಿ ಇವತ್ತಿಗೂ ಅಪರಾಧ. ಬದಲಾಯಿಸೋಣ ಅಂದರೆ ಬಿಷಪ್ ಸಹಿ ಹಾಕೋದು ಹೇಗೆ, ಹಾಕದೆ ಇಳಿದರೆ ಈ ಜಂಟಿ ಅರಸೊತ್ತಿಗೆಯ ಗತಿ ಏನು ಅಂತ ಸರ್ಕಾರ ವ್ಯಾಟಿಕನ್ ಜೊತೆ ಮಾತಾಡುತ್ತಾ ಕೂತಿದೆ. ಅಲ್ಲಿನ ಹೆಂಗಸರು ಗಡಿ ದಾಟಿ ಸ್ಪೇನಿಗೋ ಫ್ರಾನ್ಸಿಗೋ ಹೋಗಬೇಕು. 700 ವರ್ಷದ ಚಂದದ ಕಥೆಗೆ ಬೆಲೆ ಕಟ್ಟುತ್ತಿರೋದು ಅವರು.

ಪಿರಿನೀಸ್ ಪಯಣಿಗ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನೀವು ಹೇಳಿದ್ದೇ ಸರಿ. ಒಂದೇ ಸೇರಿಸುತ್ತೇನೆ. ಒಬ್ಬ ಅರಸ ಸಹಿ ಹಾಕಲಾಗದಿದ್ದರೆ ಇನ್ನೊಬ್ಬನ ಸಹಿಯಲ್ಲೇ ಕಾನೂನು ಜಾರಿ ಆಗೋಕೆ ಸಂವಿಧಾನದಲ್ಲಿ ದಾರಿ ಇದೆ. 2014ರಲ್ಲಿ ಸಲಿಂಗಿ ಜೋಡಿಗಳ ಸಹಜೀವನಕ್ಕೆ ಮಾನ್ಯತೆ ಕೊಟ್ಟ ಕಾನೂನಿಗೆ ಸಹಿ ಹಾಕಿದ್ದು ಫ್ರಾನ್ಸಿನ ಹೊಲಾಂದ್. ಇಬ್ಬರು ಅರಸರಿದ್ದರೆ ಇದೊಂದು ಅನುಕೂಲ. ಗರ್ಭಪಾತದಲ್ಲಿ ಆ ದಾರಿ ಸಾಲುತ್ತಿಲ್ಲ, ಯಾಕೆಂದರೆ ಅಲ್ಲಿ ಬಿಷಪ್ ಸಹಿಯಿಂದ ತಪ್ಪಿಸಿಕೊಂಡರೂ, ಗರ್ಭಪಾತಕ್ಕೆ ಒಪ್ಪಿಗೆ ಕೊಟ್ಟ ದೇಶದ ಅರಸ ಅನ್ನೋ ಹುದ್ದೆಯಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಪಹಣಿ ಪರಮೇಶಿ:

ಗಂಭೀರ ಮಾತಿನ ಮಧ್ಯೆ ಒಂದು ಉಪಕಥೆ, ಕ್ಷಮಿಸಿ. 1934ರಲ್ಲಿ ಬೊರಿಸ್ ಸ್ಕೊಸ್ಸಿರೆಫ್ ಅಂತ ಒಬ್ಬ ರಷ್ಯನ್ ಬಂದ. ತಾನೇ ಅಂಡೋರಾದ ರಾಜ, ಬೊರಿಸ್ 1, ಅಂತ ಘೋಷಿಸಿಕೊಂಡ. ಅಂಡೋರಾದಿಂದ ಓಡಿಸಿದ ಮೇಲೆ ಅವನು ಬಂದು ಉಳಿದುಕೊಂಡದ್ದು ಎಲ್ಲಿ ಗೊತ್ತಾ? ಲಾ ಸೆಉ ದುರ್ಜೆಲ್‌ನ ಹೋಟೆಲ್ಲಿನಲ್ಲಿ. ನಿಜವಾದ ಅರಸ ಬಿಷಪ್ ಗಿತಾರ್ತ್ ಇದ್ದ ಅದೇ ಊರಲ್ಲಿ! ಜುಲೈನಲ್ಲಿ ಸ್ಪೇನಿನ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಬಾಡಿಗೆದಾರ ಓನರ್ ಮನೆ ಎದುರೇ ನಿಂತು ಖಾತೆ ನಂದು ಅಂದ ಹಾಗೆ.

ಕರಾವಳಿ ಅಕ್ಕ:

ಹಹ್ಹ, ಇದು ಗೊತ್ತಿರಲಿಲ್ಲ. ಬಿಷಪ್ಪುಗಳು ಬರೀ ಕಪ್ಪ ತಗೊಂಡು ಕೂರಲಿಲ್ಲ ಅನ್ನೋದಕ್ಕೆ ನಂದೂ ಒಂದು: ಅಂಡೋರಾದ ರಾಷ್ಟ್ರಗೀತೆಯ ಸಾಲುಗಳನ್ನು ಬರೆದವರು ಒಬ್ಬ ಉರ್ಜೆಲ್ ಬಿಷಪ್ಪೇ, ಜೊವಾನ್ ಬೆನ್ಲೊಕ್ ಅಂತ. ಕಳೆದ ಶತಮಾನದ ಶುರುವಿನಲ್ಲಿ ಇದ್ದವರು.

ಚಿಲ್ಲರೆ ಚೀಲ ಅಣ್ಣ, ನೀವು ಎಲ್ಲಿ ಮಾಯ ಆದಿರಿ? ನಾಣ್ಯ ಮಾರಿಬಿಟ್ಟಿರಾ?

ಚಿಲ್ಲರೆ ಚೀಲ:

ಇಲ್ಲೇ ಇದ್ದೀನಿ ಅಕ್ಕ, ಓದ್ತಾ ಇದ್ದೆ. ರಾತ್ರಿ ನಾಣ್ಯವನ್ನು ಹುಣಸೆ ಹುಳಿ ಹಾಕಿ ತಿಕ್ಕೋಣ ಅಂತಿದ್ದೆ. ಪುಣ್ಯಕ್ಕೆ ಹೆಂಡತಿ ತಡೆದಳು, ಸಂಗ್ರಹದ ನಾಣ್ಯ ತೊಳೆದರೆ ಬೆಲೆ ಹೋಗುತ್ತೆ ಅಂತ ನೀನೇ ಅಲ್ವಾ ಊರಿಗೆಲ್ಲ ಹೇಳೋದು ಅಂದಳು. ಹಾಗೇ ಬಿಟ್ಟೆ.

ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಭೂತಗನ್ನಡಿಯಲ್ಲಿ ಮತ್ತೆ ನೋಡಿದೆ. ಪಟ್ಟೆ ಎಣಿಸಿದೆ, ಒಂದು ಮನೆಯಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು, ಪಯಣಿಗರು ಹೇಳಿದ ಹಾಗೇ ಇದೆ. ಗುರಾಣಿ ಕೆಳಗೂ ಏನೋ ಸಣ್ಣಗೆ ಬರೆದಿದೆ.

ಪಿರಿನೀಸ್ ಪಯಣಿಗ:

‘ವಿರ್ತುಸ್ ಉನಿತಾ ಫೋರ್ತಿಯೋರ್’ ಇರಬೇಕು. ಲ್ಯಾಟಿನ್. ಒಗ್ಗಟ್ಟಿದ್ದರೆ ಬಲ ಜಾಸ್ತಿ ಅನ್ನೋ ಅರ್ಥ. ಹಸುಗಳ ಕೊರಳು ನೋಡಿ, ಪಟ್ಟಿ ಮತ್ತು ಗಂಟೆ ಇರಬೇಕು. ಸವೆದಿರದಿದ್ದರೆ ಕಾಣುತ್ತೆ.

ಚಿಲ್ಲರೆ ಚೀಲ:

ಮೇಲಿನ ಹಸುವಿಗೆ ಗಂಟೆ ಇದೆ ಸಾರ್! ಕೆಳಗಿನದರದ್ದು ಸವೆದುಹೋಗಿದೆ.